ರೇಡಿಯೊ ಮತ್ತು ನೀರಡಿ ಬೆಳಕಿನ ಜೋಡಿ ಸಂಪರ್ಕ: ಕದ್ದಾಲಿಕೆಗೆ ಎಡೆಗೊಡದಂತೆ ಕಟ್ಟುವುದು ಹೇಗೆ

ಉಪ್ಪುನೀರು ವಿದ್ಯುತ್ತನ್ನು ಚೆನ್ನಾಗಿ ಹರಿಯಬಿಡುತ್ತದೆ. ಹಾಗಾಗಿ 2.4 ಗಿಗಾಹರ್ಟ್ಸ್‌ನ ರೇಡಿಯೊ ಅಲೆ ಸಮುದ್ರದ ನೀರಿಗಿಳಿದರೆ ಕೆಲವೇ ಸೆಂಟಿಮೀಟರ್‌ಗಳಲ್ಲಿ ಸತ್ತುಹೋಗುತ್ತದೆ. ಅದಕ್ಕೇ ಈ ಜೋಡಣೆ: ದಡದಿಂದ ಅಥವಾ ಹಡಗಿನಿಂದ ನೀರಿನ ಮೇಲ್ಮೈವರೆಗೆ ರೇಡಿಯೊ, ಅಲ್ಲಿಂದ ಕೆಳಗೆ 450ರಿಂದ 550 ನ್ಯಾನೊಮೀಟರ್‌ನ ನೀಲಿ ಅಥವಾ ಹಸಿರು ಬೆಳಕು, ಎರಡರ ನಡುವೆ ತೇಲುವ ಒಂದು ರಿಲೇ, ಅಂದರೆ ಒಂದರಿಂದ ಪಡೆದು ಇನ್ನೊಂದಕ್ಕೆ ದಾಟಿಸುವ ಪೆಟ್ಟಿಗೆ. ಕದ್ದಾಲಿಸುವವನಿಗೂ ಇಲ್ಲಿ ಮೂರು ಜಾಗ ಸಿಗುತ್ತವೆ. ಗಾಳಿಯಲ್ಲಿ ಆಂಟೆನಾ ಇಡಬಹುದು, ನೀರಿನಲ್ಲಿ ಬೆಳಕಿನ ಸೆನ್ಸರ್ ಇಡಬಹುದು, ಇಲ್ಲವೇ ರಾತ್ರಿ ದೋಣಿಯಲ್ಲಿ ಬಂದು ರಿಲೇಯನ್ನೇ ಬಿಚ್ಚಬಹುದು.

ಈ ಮೂರರಲ್ಲಿ ಜನ ಹೆಚ್ಚು ತಲೆಕೆಡಿಸಿಕೊಳ್ಳುವುದು ಮೊದಲನೆಯದಕ್ಕೆ. ಬೆಳಕು ಕಿರಿದಾದ ಕಿರಣ, ಅದನ್ನು ಯಾರು ಹಿಡಿಯುತ್ತಾರೆ ಎಂಬ ನಂಬಿಕೆ ಎರಡನೆಯದನ್ನು ಮರೆಸುತ್ತದೆ. ಮೂರನೆಯದು ನೆನಪಾಗುವುದು ರಿಲೇ ಕಳೆದುಹೋದ ಮೇಲೆ. ಕಟ್ಟುವ ಕ್ರಮ ಇದಕ್ಕೆ ತಿರುಗುಮುರುಗಾಗಿರಬೇಕು. ಗುಟ್ಟು ಕಾಯುವ ಹೊಣೆ ದಡದ ಕಂಪ್ಯೂಟರಿಗೂ ನೀರಡಿಯ ಯಂತ್ರಕ್ಕೂ ನಡುವಿನ ನೇರ ಎನ್‌ಕ್ರಿಪ್ಷನ್‌ನದು, ಅಂದರೆ ಕೀಲಿಯೆಂಬ ರಹಸ್ಯ ಸಂಖ್ಯೆ ಇಲ್ಲದವರು ಓದಲಾಗದಂತೆ ಮಾಹಿತಿಯನ್ನು ಗುಪ್ತವಾಗಿಸುವುದು. ಕಿರಣವನ್ನು ಬಿಗಿ ಮಾಡುವುದು, ಪವರ್ ಇಳಿಸುವುದು ಇವೆಲ್ಲ ಅದರ ಹೊರಗೆ ಹಾಕುವ ಎರಡನೆಯ ಬೇಲಿ.

ರಿಲೇಯ ಬಳಿ ಕೀಲಿ ಇರಬಾರದು

ಬಹಳಷ್ಟು ಕಡೆ ರೇಡಿಯೊ ಭಾಗಕ್ಕೆ ವೈ-ಫೈನ ಎನ್‌ಕ್ರಿಪ್ಷನ್, ಬೆಳಕಿನ ಭಾಗಕ್ಕೆ ಬೇರೊಂದು ಎನ್‌ಕ್ರಿಪ್ಷನ್ ಹಾಕಿರುತ್ತಾರೆ. ರಿಲೇ ಒಂದನ್ನು ಬಿಚ್ಚಿ ಇನ್ನೊಂದಕ್ಕೆ ಕಟ್ಟುತ್ತದೆ. ಅಂದರೆ ರಿಲೇಯ ಮೆಮೊರಿಯಲ್ಲಿ ಎಲ್ಲ ಮಾಹಿತಿಯೂ ಬಯಲಾಗಿ ಹಾದುಹೋಗುತ್ತದೆ. ಕಾವಲಿಲ್ಲದೆ ತೇಲುವ ಪೆಟ್ಟಿಗೆಯ ಮೇಲೆ ಅಷ್ಟು ನಂಬಿಕೆ ಇಡಬಾರದು. ಅದು ಈಗಾಗಲೇ ಎದುರಾಳಿಯ ಮೇಜಿನ ಮೇಲಿದೆ ಎಂದುಕೊಂಡೇ ವಿನ್ಯಾಸ ಮಾಡಿ.

ರಿಲೇ ಮಾಡಬೇಕಾದ್ದು ಇಷ್ಟೇ: ರೇಡಿಯೊದಿಂದ ಬಂದ ಫ್ರೇಮಿನ (ಒಂದು ಸಲಕ್ಕೆ ಕಳಿಸುವ ಮಾಹಿತಿಯ ಕಟ್ಟು) ದೋಷ ತಿದ್ದುವ ಕೋಡನ್ನು ಬಿಡಿಸಿ, ಒಳಗಿನ ಎನ್‌ಕ್ರಿಪ್ಟ್ ಆದ ಗಂಟನ್ನು ಮುಟ್ಟದೆ, ಬೆಳಕಿಗೆ ಹೊಂದುವ ಕೋಡ್ ಹಾಕಿ ಕೆಳಗೆ ಕಳಿಸುವುದು. ಒಳಗಿನ ಗಂಟಿನ ಕೀಲಿ ಎರಡು ತುದಿಗಳಲ್ಲಿ ಮಾತ್ರ ಇರಬೇಕು.

ಆದರೂ ರಿಲೇಗೆ ಒಂದು ಸಣ್ಣ ಕೀಲಿ ಬೇಕೇ ಬೇಕು. ಅದು ಗುಟ್ಟು ಕಾಯಲು ಅಲ್ಲ, ಕಸ ಸೋಸಲು. ಪ್ರತಿ ಹಂತದಲ್ಲೂ ಫ್ರೇಮಿನ ಹೊರಗೆ 8 ಬೈಟಿನ ದೃಢೀಕರಣ ಟ್ಯಾಗ್ (ಕೀಲಿ ಇದ್ದವರೇ ಕಳಿಸಿದ್ದೆಂದು ತೋರಿಸುವ ಮುದ್ರೆ) ಹಾಕಿ. ರೇಡಿಯೊ ಹಂತಕ್ಕೆ ಒಂದು ಕೀಲಿ, ಬೆಳಕಿನ ಹಂತಕ್ಕೆ ಇನ್ನೊಂದು. ಇದಿಲ್ಲದಿದ್ದರೆ ಯಾರು ಬೇಕಾದರೂ ರೇಡಿಯೊದಲ್ಲಿ ಹಾಳುಮೂಳು ಕಳಿಸಿ ರಿಲೇಯ ಲೇಸರ್ ಉರಿಸಬಹುದು. ಬ್ಯಾಟರಿ ಖಾಲಿಯಾಗುವುದು ಒಂದು ನಷ್ಟ. ಬೆಳಕು ಯಾವ ದಿಕ್ಕಿಗೆ ಹೋಯಿತೆಂದು ನೋಡಿ ನೀರಡಿಯ ಯಂತ್ರ ಎಲ್ಲಿದೆಯೆಂದು ತಿಳಿದುಕೊಳ್ಳುವುದು ಅದಕ್ಕಿಂತ ದೊಡ್ಡದು. ಈ ಹಂತದ ಕೀಲಿಗಳು ಕಳ್ಳನ ಕೈಗೆ ಸಿಕ್ಕರೂ ಒಳಗಿನ ಮಾತು ಅವನಿಗೆ ಸಿಗುವುದಿಲ್ಲ.

ಕೀಲಿ ಕೂಡಿಸುವುದು

ಕೀಲಿಗಳನ್ನು ಯಂತ್ರ ನೀರಿಗಿಳಿಯುವ ಮೊದಲೇ, ಕೇಬಲ್ ಮೂಲಕ ತುಂಬಿ. ಪ್ರತಿ ಯಂತ್ರಕ್ಕೂ ಬೇರೆ ಕೀಲಿ. ಇಡೀ ಪಡೆಗೆ ಒಂದೇ ಕೀಲಿ ಕೊಟ್ಟರೆ ಒಂದು ಯಂತ್ರ ಕಳೆದ ದಿನ ಎಲ್ಲವೂ ಕಳೆದಂತೆ. ಪ್ರತಿ ಮುಳುಗಿಗೆ ಹೊಸ ಸೆಷನ್ ಕೀಲಿ, ಅಂದರೆ ಆ ಸಲಕ್ಕೆ ಮಾತ್ರ ಬಳಸುವ ಕೀಲಿ, ಬೇಕು. ಅದನ್ನು ಎರಡೂ ತುದಿಗಳು ಸಂದೇಶ ವಿನಿಮಯದಿಂದ ಒಪ್ಪಿಕೊಳ್ಳುವುದೇ ಕೈಕುಲುಕಾಟ. ಅದಕ್ಕೆ ನಾಯ್ಸ್ ಪ್ರೋಟೊಕಾಲ್ ಎಂಬ ಕೈಕುಲುಕಾಟದ ನಿಯಮಗಳ ಚೌಕಟ್ಟಿನ ಐಕೆ ಮಾದರಿಯನ್ನು ಎಕ್ಸ್25519 ಎಂಬ ಕೀಲಿ ವಿನಿಮಯ ವಿಧಾನದ ಜೊತೆ ಬಳಸಿದರೆ ಒಂದೇ ಸುತ್ತಿನಲ್ಲಿ ಕೆಲಸ ಮುಗಿಯುತ್ತದೆ. ಬೇರೆ ಮಾಹಿತಿ ಸೇರಿಸದಿದ್ದರೆ ಹೋಗುವ ಸಂದೇಶ 96 ಬೈಟ್, ಬರುವುದು 48 ಬೈಟ್. ಬೆಳಕು ಆಗಾಗ ಕಡಿಯುವ ನೀರಿನಲ್ಲಿ ಸುತ್ತು ಕಡಿಮೆಯಿದ್ದಷ್ಟೂ ಒಳ್ಳೆಯದು.

ಇಂದು ದಾಖಲಿಸಿಟ್ಟು, ಮುಂದೆ ದೊಡ್ಡ ಕ್ವಾಂಟಮ್ ಕಂಪ್ಯೂಟರ್ ಬಂದಾಗ ಬಿಡಿಸುವ ಅಪಾಯವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. 2024ರ ಆಗಸ್ಟಿನಲ್ಲಿ ಅಮೆರಿಕದ ಸರ್ಕಾರಿ ಮಾನದಂಡ ಫಿಪ್ಸ್ 203 ಎಂದು ಪ್ರಕಟವಾದ ಎಂಎಲ್-ಕೆಇಎಂ ಎಂಬ ಕೀಲಿ ವಿನಿಮಯ ವಿಧಾನ ಇದಕ್ಕಾಗಿಯೇ ಇದೆ. ಅದರ 768 ಆವೃತ್ತಿಯ ಸಾರ್ವಜನಿಕ ಕೀಲಿ 1184 ಬೈಟ್, ಉತ್ತರ 1088 ಬೈಟ್. ಬೆಳಕಿನಲ್ಲಿ ಇದು ಕ್ಷಣದ ಮಾತು. ಸೆಕೆಂಡಿಗೆ 1 ಕಿಲೋಬಿಟ್ ಸಾಗಿಸುವ ಧ್ವನಿ ಮೋಡೆಮಿನಲ್ಲಿ (ನೀರಿನಲ್ಲಿ ಶಬ್ದದ ಮೂಲಕ ಮಾಹಿತಿ ಕಳಿಸುವ ಸಾಧನ) ಮೊದಲ ಭಾಗಕ್ಕೇ ಒಂಬತ್ತು ಸೆಕೆಂಡು ದಾಟುತ್ತದೆ. ಕೇಬಲ್ ಹಾಕಿ ಕೀಲಿ ತುಂಬುವ ಅವಕಾಶ ಹೇಗೂ ಇರುವುದರಿಂದ 256 ಬಿಟ್‌ನ ರಹಸ್ಯ ಕೀಲಿಯೊಂದನ್ನು ಮೊದಲೇ ಎರಡೂ ಕಡೆ ಇಟ್ಟು, ಅದನ್ನು ಈ ಕೈಕುಲುಕಾಟದಲ್ಲಿ ಬೆರೆಸುವುದೇ ಸುಲಭದ ದಾರಿ.

ಎರಡು ಕಡೆ ಎಡವುತ್ತಾರೆ. ಒಂದು, ಗಡಿಯಾರ. ನೀರಿನಡಿ ಜಿಪಿಎಸ್ ಇಲ್ಲ, ಸಮಯ ಜಾರುತ್ತದೆ. ಪ್ರಮಾಣಪತ್ರದ ಅವಧಿಯನ್ನೋ ಸಮಯದ ಮುದ್ರೆಯನ್ನೋ ನಂಬಿ ಹಳೆಯ ಸಂದೇಶದ ಮರುಕಳಿಕೆ (ದಾಖಲಿಸಿಟ್ಟದ್ದನ್ನು ಎದುರಾಳಿ ಮತ್ತೆ ಕಳಿಸುವುದು) ತಡೆಯಲು ಹೊರಟರೆ ಸರಿಯಾದ ಯಂತ್ರವನ್ನೇ ಹೊರಗೆ ನಿಲ್ಲಿಸುತ್ತೀರಿ. ಬದಲಿಗೆ ಪವರ್ ಹೋದರೂ ನೆನಪಿಡುವ ಮೆಮೊರಿಯಾದ ಎಫ್‌ರ‍್ಯಾಮ್‌ನಲ್ಲಿ ಒಂದು ಕೌಂಟರ್ ಇಟ್ಟು, ಪ್ರತಿ ಕೈಕುಲುಕಾಟಕ್ಕೂ ಮೊದಲು ಒಂದು ಹೆಚ್ಚಿಸಿ ಬರೆದು, ಆಮೇಲೆ ಬಳಸಿ. ಎರಡು, ಯಾದೃಚ್ಛಿಕ ಸಂಖ್ಯೆ. ಸಣ್ಣ ಮೈಕ್ರೋಕಂಟ್ರೋಲರ್ ರೀಸೆಟ್ ಆದಾಗ ಅದೇ ಬೀಜದಿಂದ ಶುರುಮಾಡಿದರೆ ಹೋದ ಸಲದ ತಾತ್ಕಾಲಿಕ ಕೀಲಿಯೇ ಮತ್ತೆ ಹುಟ್ಟುತ್ತದೆ. ಚಿಪ್‌ನ ಹಾರ್ಡ್‌ವೇರ್ ಆರ್‌ಎನ್‌ಜಿ (ಯಾದೃಚ್ಛಿಕ ಸಂಖ್ಯೆ ಹುಟ್ಟಿಸುವ ಭಾಗ) ಬಳಸಿ. ಅದು ಸಿದ್ಧವಾಗುವವರೆಗೆ ರೇಡಿಯೊವನ್ನೂ ಲೇಸರನ್ನೂ ತಡೆದು ನಿಲ್ಲಿಸಿ.

ಫ್ರೇಮ್

512 ಬೈಟ್‌ನ ಸ್ಥಿರ ಗಾತ್ರ ಇಟ್ಟುಕೊಳ್ಳಿ: 4 ಬೈಟ್ ಸೆಷನ್ ಗುರುತು, 8 ಬೈಟ್ ಕೌಂಟರ್, 484 ಬೈಟ್ ಮಾಹಿತಿ, 16 ಬೈಟ್ ಟ್ಯಾಗ್. ಮೊದಲ 12 ಬೈಟುಗಳೇ 96 ಬಿಟ್‌ನ ನಾನ್ಸ್ (ಒಂದು ಕೀಲಿಯಡಿ ಒಂದೇ ಸಲ ಬಳಸಬೇಕಾದ ಸಂಖ್ಯೆ) ಆಗುತ್ತವೆ, ಬೇರೆ ನಾನ್ಸ್ ಸಾಗಿಸಬೇಕಿಲ್ಲ. ಹೆಚ್ಚುವರಿ ಭಾರ ಶೇ 5.5ರ ಆಸುಪಾಸು. ಇದೇ 28 ಬೈಟನ್ನು 64 ಬೈಟಿನ ಫ್ರೇಮಿಗೆ ಹೊರಿಸಿದರೆ ಶೇ 44 ಆಗುತ್ತದೆ, ಆಗ ಜನ ಟ್ಯಾಗ್ ಕತ್ತರಿಸಲು ಹೊರಡುತ್ತಾರೆ. ಅದರ ಬದಲು ಫ್ರೇಮನ್ನು ದೊಡ್ಡದು ಮಾಡಿ.

ಎನ್‌ಕ್ರಿಪ್ಟ್ ಮಾಡುವ ವಿಧಾನಕ್ಕೆ, ಎಇಎಸ್ ಹಾರ್ಡ್‌ವೇರ್ ಇರುವ ಚಿಪ್ ಆದರೆ ಎಇಎಸ್-256-ಜಿಸಿಎಂ. ಇಲ್ಲದಿದ್ದರೆ ಆರ್‌ಎಫ್‌ಸಿ 8439 ಎಂಬ ಇಂಟರ್‌ನೆಟ್ ದಾಖಲೆಯ ಚಾಚಾ20-ಪಾಲಿ1305. ಎರಡೂ ಗಟ್ಟಿ, ಎರಡಕ್ಕೂ ಒಂದೇ ಮರ್ಮಸ್ಥಾನ: ಒಂದೇ ಕೀಲಿಯಡಿ ಅದೇ ನಾನ್ಸ್ ಎರಡು ಸಲ ಬಂದರೆ ಎರಡು ಸಂದೇಶಗಳ ನಡುವಿನ ಸಂಬಂಧ ಬಯಲಾಗುತ್ತದೆ. ಜಿಸಿಎಂನಲ್ಲಂತೂ ದೃಢೀಕರಣದ ಒಳಕೀಲಿಯೇ ಹೊರಬಂದು, ಸುಳ್ಳು ಫ್ರೇಮ್ ಹುಟ್ಟಿಸಲು ದಾರಿಯಾಗುತ್ತದೆ. ಆದ್ದರಿಂದ ಮೇಲೆ ಹೋಗುವ ದಿಕ್ಕಿಗೊಂದು, ಕೆಳಗೆ ಬರುವ ದಿಕ್ಕಿಗೊಂದು ಕೀಲಿ ಇಡಿ. ಸೆಷನ್ ಕೀಲಿಯನ್ನು ಫ್ಲ್ಯಾಶ್‌ನಲ್ಲಿ ಉಳಿಸಬೇಡಿ. ರೀಬೂಟ್ ಆದರೆ ಹೊಸ ಕೈಕುಲುಕಾಟ ನಡೆಯಲಿ. ಕೌಂಟರನ್ನು 32 ಬಿಟ್‌ಗೆ ಇಳಿಸಿ 4 ಬೈಟ್ ಉಳಿಸುವ ಆಸೆಯೂ ಬೇಡ. ಸೆಕೆಂಡಿಗೆ 10 ಮೆಗಾಬಿಟ್‌ನಲ್ಲಿ ಇಂಥ 2441 ಫ್ರೇಮುಗಳು ಹೋಗುತ್ತವೆ, 32 ಬಿಟ್‌ನ ಕೌಂಟರ್ ಸುಮಾರು 20 ದಿನಕ್ಕೆ ತಿರುಗಿ ಸೊನ್ನೆಗೆ ಬರುತ್ತದೆ.

ಕ್ರಮ ಹೀಗಿರಲಿ: ಗಾತ್ರ ತುಂಬಿಸುವುದು, ಎನ್‌ಕ್ರಿಪ್ಟ್ ಮಾಡುವುದು, ದೋಷ ತಿದ್ದುವ ಕೋಡ್ ಹಾಕುವುದು, ಬಿಟ್‌ಗಳನ್ನು ಹೆಣೆಯುವುದು (ಒಟ್ಟಿಗೆ ಹಾಳಾಗದಂತೆ ಅವುಗಳ ಕ್ರಮ ಚದುರಿಸುವುದು), ಕೊನೆಗೆ ಮಾಡ್ಯುಲೇಷನ್, ಅಂದರೆ ಬಿಟ್‌ಗಳನ್ನು ಅಲೆಯ ಅಥವಾ ಬೆಳಕಿನ ಏರಿಳಿತವಾಗಿಸುವುದು. ಕೋಡ್ ಹಾಕಿದ ಮೇಲೆ ಎನ್‌ಕ್ರಿಪ್ಟ್ ಮಾಡಿದರೆ ರಿಲೇಗೆ ದೋಷ ತಿದ್ದಲು ಆಗುವುದಿಲ್ಲ, ಒಂದು ಬಿಟ್ ಕೆಟ್ಟರೂ ಟ್ಯಾಗ್ ಸೋತು ಇಡೀ ಫ್ರೇಮ್ ಬೀಳುತ್ತದೆ. ಗುಳ್ಳೆಗಳ ಗೊಂಚಲು 20 ಮಿಲಿಸೆಕೆಂಡ್ ಬೆಳಕು ತಡೆದರೆ 2 ಲಕ್ಷ ಬಿಟ್ ಹೋಯಿತು. ಅದನ್ನು ಯಾವ ಹೆಣಿಗೆಯೂ ಉಳಿಸದು, ಮತ್ತೆ ಕಳಿಸಬೇಕು. ಹಾಗೆ ಕಳಿಸುವಾಗ ಹೊಸ ಕೌಂಟರ್‌ನಿಂದ ಮತ್ತೆ ಎನ್‌ಕ್ರಿಪ್ಟ್ ಮಾಡಿದರೆ, ದೂರದಲ್ಲಿ ಕುಳಿತವನು ಅದೇ ಬಿಟ್‌ಗಳ ಹಲವು ಮಸುಕು ಪ್ರತಿಗಳನ್ನು ಕೂಡಿಸಿ ಸ್ಪಷ್ಟ ಪ್ರತಿ ಮಾಡಿಕೊಳ್ಳಲಾರ.

ನೀರನ್ನು ಅಳೆಯಿರಿ, ಆಮೇಲೆ ಕಿರಣ

ಬೆಳಕು ಎಷ್ಟು ಸೋರುತ್ತದೆ ಎಂಬುದನ್ನು ನೀರು ತೀರ್ಮಾನಿಸುತ್ತದೆ. ಹೀರಿಕೆ ಮತ್ತು ಚದುರಿಕೆ ಎರಡೂ ಸೇರಿದ ಕ್ಷೀಣತೆಯ ಗುಣಾಂಕ ಸ್ವಚ್ಛ ಕಡಲಿನಲ್ಲಿ ಮೀಟರಿಗೆ ಸುಮಾರು 0.15, ಕರಾವಳಿಯಲ್ಲಿ 0.40, ಕದಡಿದ ಬಂದರಿನಲ್ಲಿ 2.19 ಎಂದು ಹಿಡಿಯುವುದು ರೂಢಿ. ಡೆಸಿಬೆಲ್‌ಗೆ (ಪ್ರತಿ 10 ಡೆಸಿಬೆಲ್ ನಷ್ಟಕ್ಕೆ ಬೆಳಕು ಹತ್ತನೇ ಒಂದಕ್ಕೆ ಇಳಿಯುವ ಅಳತೆ) ತರಲು 4.34ರಿಂದ ಗುಣಿಸಿ. 20 ಮೀಟರಿಗೆ ಸ್ವಚ್ಛ ಕಡಲಲ್ಲಿ 13 ಡೆಸಿಬೆಲ್, ಕರಾವಳಿಯಲ್ಲಿ 35, ಬಂದರಿನಲ್ಲಿ 190. ಬಂದರಿನಲ್ಲಿ 20 ಮೀಟರ್ ಆಗದ ಮಾತು.

ಪುಸ್ತಕದ ಅಂಕಿ ನೆಚ್ಚಿಕೊಳ್ಳದೆ ನಿಮ್ಮ ನೀರಲ್ಲೇ ಅಳೆಯಿರಿ. ರಾತ್ರಿ, ಅದೇ ಬಣ್ಣದ ಲೇಸರ್, 10 ನ್ಯಾನೊಮೀಟರ್ ಅಗಲದ ಫಿಲ್ಟರ್ ಹಾಕಿದ ಪವರ್ ಮೀಟರ್ ಸಾಕು. ಲೇಸರ್ ಆಫ್ ಮಾಡಿದಾಗ ಬಂದ ಅಂಕಿಯನ್ನು ಮೊದಲು ಕಳೆಯಿರಿ. 2 ಮೀಟರಿನಲ್ಲಿ 8.0 ಮಿಲಿವ್ಯಾಟ್, 6 ಮೀಟರಿನಲ್ಲಿ 1.63 ಮಿಲಿವ್ಯಾಟ್ ಬಂತೆನ್ನಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ, ನ್ಯಾಚುರಲ್ ಲಾಗ್ ತೆಗೆದು, ದೂರದ ವ್ಯತ್ಯಾಸ 4ರಿಂದ ಭಾಗಿಸಿದರೆ 0.398. ಅದು ಕರಾವಳಿಯ ನೀರು. ಎರಡೂ ಸಲ ಇಡೀ ಕಿರಣ ಮೀಟರಿನ ಮುಖದೊಳಗೆ ಬೀಳಬೇಕು. ಮೀಟರಿನ ಮುಂದೆ ಕಪ್ಪು ಕೊಳವೆ ಇಟ್ಟು ಓರೆ ಬೆಳಕು ತಡೆಯಬೇಕು. ಕೊಳವೆ ಇಲ್ಲದಿದ್ದರೆ ಚದುರಿದ ಬೆಳಕೂ ಲೆಕ್ಕಕ್ಕೆ ಸೇರಿ ನೀರು ಇರುವುದಕ್ಕಿಂತ ತಿಳಿಯಾಗಿ ಕಾಣುತ್ತದೆ. ಮಳೆಯ ನಂತರ, ಉಬ್ಬರ ಇಳಿದಾಗ ಮತ್ತೆ ಅಳೆಯಿರಿ.

ಕದಡಿದ ನೀರಿನ ಬಗ್ಗೆ ಒಂದು ಎಚ್ಚರಿಕೆ. ದೂರ ಕಡಿಮೆಯಾಗುವುದರಿಂದ ಅದು ಸುರಕ್ಷಿತ ಎನ್ನಿಸುತ್ತದೆ. ಆದರೆ ಬಂದರಿನ ನೀರು ಕಳೆಯುವ ಬೆಳಕಿನಲ್ಲಿ ಶೇ 83ರಷ್ಟು ಚದುರಿಕೆ. ಸ್ವಚ್ಛ ಕಡಲಲ್ಲಿ ಅದು ಶೇ 25. ಅಂದರೆ ಬಂದರಿನಲ್ಲಿ ಟ್ರಾನ್ಸ್‌ಮಿಟರ್ ಸುತ್ತ ಒಂದು ಬೆಳಕಿನ ಮೋಡವೇ ನಿಲ್ಲುತ್ತದೆ. ಕಿರಣದೊಳಗೆ ಬಾರದೆ, ಪಕ್ಕದಲ್ಲಿ ಕೆಲವು ಮೀಟರ್ ದೂರದಲ್ಲಿ ಸಿಲಿಕಾನ್ ಫೋಟೊಮಲ್ಟಿಪ್ಲೈಯರ್ (ತೀರ ಮಂದ ಬೆಳಕನ್ನೂ ಹಿಡಿಯುವ ಸೆನ್ಸರ್) ಇಟ್ಟವನು ಈ ಮೋಡದಿಂದಲೇ ಬಿಟ್ ಎತ್ತಬಹುದು.

ಕಿರಣದ ಅಗಲಕ್ಕೆ ಬರೋಣ. 40 ಡಿಗ್ರಿ ಹರಡುವ ಎಲ್‌ಇಡಿ 20 ಮೀಟರಿನಲ್ಲಿ 14.6 ಮೀಟರ್ ಅಗಲದ ವೃತ್ತ ಬೆಳಗಿಸುತ್ತದೆ. 2 ಮಿಲಿರೇಡಿಯನ್‌ನ ಲೇಸರ್ ಅಷ್ಟೇ ದೂರದಲ್ಲಿ 4 ಸೆಂಟಿಮೀಟರ್ ಹರಡುತ್ತದೆ. ಲೇಸರೇ ಮೇಲು, ಆದರೆ ರಿಲೇ ಅಲೆಯ ಮೇಲೆ 5 ಡಿಗ್ರಿ ವಾಲಿದರೂ 20 ಮೀಟರ್ ಕೆಳಗೆ ಕಿರಣ 1.75 ಮೀಟರ್ ಸರಿದುಹೋಗುತ್ತದೆ. ಹಾಗಾಗಿ ಬೆಳಕಿನ ತಲೆಯನ್ನು (ಲೇಸರ್ ಮತ್ತು ರಿಸೀವರ್ ಇರುವ ಭಾಗ) ರಿಲೇಯ ಹೊಟ್ಟೆಗೆ ಅಂಟಿಸದೆ 8ರಿಂದ 10 ಮೀಟರ್ ಕೆಳಗೆ ತೂಗುಬಿಡಿ. 20 ಮೀಟರ್ ಉದ್ದದ ಅಲೆಯ ಚಲನೆ 10 ಮೀಟರ್ ಆಳದಲ್ಲಿ ಮೇಲ್ಮೈಯದರ ಶೇ 4ಕ್ಕೆ ಇಳಿದಿರುತ್ತದೆ, ಗುಳ್ಳೆಗಳ ಪದರವೂ ಮೇಲೇ ಉಳಿಯುತ್ತದೆ. ರಿಲೇಯ ಏರಿಳಿತ ಕೇಬಲ್ ಮೂಲಕ ತಲೆಗೆ ಇಳಿಯದಂತೆ ನಡುವೆ ರಬ್ಬರಿನ ಎಳೆ ಹಾಕಿ, ತಲೆಗೆ ತೂಕ ಕಟ್ಟಿ. ಅಷ್ಟಾದ ಮೇಲೆ 2 ಡಿಗ್ರಿಯ ಕಿರಣ ಮತ್ತು ಗುರಿ ಹಿಂಬಾಲಿಸುವ ಕನ್ನಡಿ ಸಾಕಾಗುತ್ತದೆ.

ತಲೆಯನ್ನು ಕೆಳಗಿಳಿಸಲು ಇನ್ನೊಂದು ಕಾರಣ ಹೆಚ್ಚಿನವರ ಗಮನಕ್ಕೆ ಬರುವುದಿಲ್ಲ. ನೀರಡಿಯ ಯಂತ್ರ ಮೇಲ್ಮುಖವಾಗಿ ಬೀರುವ ಬೆಳಕಿನಲ್ಲಿ ರಿಸೀವರ್ ತಪ್ಪಿಸಿಕೊಂಡದ್ದು ನೇರ ಮೇಲ್ಮೈಗೆ ಹೋಗುತ್ತದೆ. ನೆಟ್ಟಗೆ ತಾಗಿದ ಬೆಳಕಿನಲ್ಲಿ ಮೇಲ್ಮೈ ಹಿಂದಿರುಗಿಸುವುದು ಶೇ 2 ಮಾತ್ರ, ಉಳಿದದ್ದು ಗಾಳಿಗೆ ದಾಟುತ್ತದೆ, ಮೇಲೆ ಡ್ರೋನ್ ಇದ್ದರೆ ಅದಕ್ಕೆ ಸಿಗುತ್ತದೆ. 48 ಡಿಗ್ರಿಗಿಂತ ಓರೆಯಾಗಿ ತಾಗಿದ ಬೆಳಕು ಪೂರ್ತಿ ಒಳಕ್ಕೇ ತಿರುಗುತ್ತದೆ ಎಂಬುದು ನಿಂತ ನೀರಿಗೆ ಮಾತ್ರ ಸರಿ, ಅಲೆಯಿದ್ದಾಗ ನೆಚ್ಚಬೇಡಿ. ರಿಸೀವರಿನ ಹಿಂದೆ ಮ್ಯಾಟ್ ಕಪ್ಪು ಬಳಿದ ತಟ್ಟೆ ಕಟ್ಟಿ. ಯಂತ್ರ 12 ಮೀಟರ್ ಕೆಳಗಿದ್ದು ಕಿರಣ 2 ಡಿಗ್ರಿಯಾದರೆ ಮೇಲೆ ಅದರ ಅಗಲ 42 ಸೆಂಟಿಮೀಟರ್. 60 ಸೆಂಟಿಮೀಟರಿನ ತಟ್ಟೆ ಸಾಕು. ತಟ್ಟೆಯ ಮೇಲೆ ಪಾಚಿ, ಚಿಪ್ಪುಜೀವಿ ಬೆಳೆದರೆ ಅದು ಬೆಳಕು ಚದುರಿಸತೊಡಗುತ್ತದೆ, ಆಗಾಗ ಉಜ್ಜಬೇಕು.

ಪವರ್ ಬೇಕಾದಷ್ಟೇ ಇರಲಿ. ಕೋಡ್ ಕೆಲಸ ಮಾಡುವ ಮಿತಿಗಿಂತ 3ರಿಂದ 6 ಡೆಸಿಬೆಲ್ ಮೇಲಿಟ್ಟು, ರಿಸೀವರ್ ವರದಿಯ ಪ್ರಕಾರ ಏರಿಸಿ ಇಳಿಸಿ. ಕರಾವಳಿಯ ನೀರಿನಲ್ಲಿ ಅನಗತ್ಯವಾಗಿ 20 ಡೆಸಿಬೆಲ್ ಹೆಚ್ಚು ಕೊಟ್ಟರೆ, ಹರಡಿಕೆ ಬಿಟ್ಟು ಲೆಕ್ಕ ಹಾಕಿದರೂ ಕಿರಣ ಗುರಿ ದಾಟಿ ಇನ್ನೂ 11 ಮೀಟರ್ ಓದಲು ಸಿಗುತ್ತದೆ. ಇಲ್ಲೊಂದು ಲೆಕ್ಕದ ಬಲೆ ಇದೆ: ಫೋಟೊಡಯೋಡಿನ ಕರೆಂಟ್ ಬೆಳಕಿನ ಪವರಿಗೆ ನೇರ ಅನುಪಾತದಲ್ಲಿರುವುದರಿಂದ, ಬೆಳಕಿನ 3 ಡೆಸಿಬೆಲ್ ವಿದ್ಯುತ್ ಸಿಗ್ನಲಿನಲ್ಲಿ 6 ಡೆಸಿಬೆಲ್ ಆಗುತ್ತದೆ. ಎರಡನ್ನೂ ಬೆರೆಸಿ ಬರೆದ ಲೆಕ್ಕದಿಂದ ಪವರ್ ಎರಡು ಪಟ್ಟು ಏರುವುದು ಸಾಮಾನ್ಯ. ಮುಳುಗುಗಾರರು ಇರುವ ಜಾಗದಲ್ಲಿ ಕಣ್ಣಿನ ಸುರಕ್ಷತೆಯ ಮಿತಿ ಲೇಸರ್ ಸುರಕ್ಷತೆಯ ಅಂತರರಾಷ್ಟ್ರೀಯ ಮಾನದಂಡ ಐಇಸಿ 60825-1ರ ಪ್ರಕಾರ ನೋಡಿಕೊಳ್ಳಿ.

1975ರಲ್ಲಿ ಮಾಹಿತಿ ಸಿದ್ಧಾಂತದ ವಿದ್ವಾಂಸ ಆರನ್ ವೈನರ್ ತೋರಿಸಿದ್ದು ಹೀಗಿದೆ: ಕದ್ದಾಲಿಸುವವನ ಚಾನೆಲ್ ನಮ್ಮದಕ್ಕಿಂತ ಕೆಟ್ಟದಾಗಿದ್ದರೆ, ಕೀಲಿಯೇ ಇಲ್ಲದೆ ಕೋಡ್‌ನಿಂದಲೇ ಗುಟ್ಟು ಕಾಯಬಹುದು. ಗಣಿತ ಗಟ್ಟಿಯಾಗಿದೆ, ಆದರೆ ಆ ‘ಕೆಟ್ಟದಾಗಿದ್ದರೆ’ ನಮ್ಮ ಹಿಡಿತದಲ್ಲಿಲ್ಲ. ನಮ್ಮ ಲೆನ್ಸ್ 5 ಸೆಂಟಿಮೀಟರ್, ಅವನದು 20 ಆದರೆ ಅವನಿಗೆ 16 ಪಟ್ಟು ಬೆಳಕು, ಅಂದರೆ 12 ಡೆಸಿಬೆಲ್ ಲಾಭ. ಅವನು ಟ್ರಾನ್ಸ್‌ಮಿಟರಿಗೆ ನಮಗಿಂತ ಹತ್ತಿರವೂ ಇರಬಹುದು. ಅದಕ್ಕೇ ಇದು ಎರಡನೆಯ ಬೇಲಿ.

ಗಾಳಿಯ ಭಾಗ

ಕಡಲ ಮೇಲೆ ರೇಡಿಯೊಗೆ ಅಡ್ಡಿಯಿಲ್ಲ. 2 ಮೀಟರ್ ಎತ್ತರದ ರಿಲೇ ಆಂಟೆನಾ 30 ಮೀಟರ್ ಕಂಬಕ್ಕೆ 28 ಕಿಲೋಮೀಟರ್‌ವರೆಗೆ ಕಾಣುತ್ತದೆ, 1000 ಮೀಟರ್ ಎತ್ತರದ ವಿಮಾನಕ್ಕೆ 136 ಕಿಲೋಮೀಟರ್‌ವರೆಗೆ. ದಿಕ್ಕಿನ ಆಂಟೆನಾದಿಂದ ಪಕ್ಕಕ್ಕೆ ಸೋರುವುದು ಕಡಿಮೆಯಾಗುತ್ತದೆ, ನಿಲ್ಲುವುದಿಲ್ಲ. ವೈ-ಫೈ ಆದರೆ ಅದರ ಹೊಸ ಸುರಕ್ಷತಾ ಮಾನದಂಡ ಡಬ್ಲ್ಯೂಪಿಎ3 ಇರಲಿ, ಹಳೆಯ ಡಬ್ಲ್ಯೂಪಿಎ2ಗೆ ಇಳಿಯುವ ಮಿಶ್ರ ಸ್ಥಿತಿ ಮುಚ್ಚಿರಲಿ. ಒಳಗಿನ ಗಂಟು ಹೇಗೂ ಬಿಗಿಯಾಗಿದೆ. ಇಲ್ಲಿ ಸೋರುವುದು ಹೊರಗಿನ ಮಾಹಿತಿ: ನೆಟ್‌ವರ್ಕಿನ ಹೆಸರು, ಬ್ಯಾಟರಿ ಮತ್ತು ಜಿಪಿಎಸ್ ತಿಳಿಸುವ ಬಯಲು ಸಂದೇಶ, ಆಡಳಿತದ ವೆಬ್ ಪುಟ. ಇವನ್ನು ಒಂದೊಂದಾಗಿ ಮುಚ್ಚಿ.

ಸಮಯವೂ ಮಾತಾಡುತ್ತದೆ. ರೇಡಿಯೊದಲ್ಲಿ ಫ್ರೇಮುಗಳ ಗುಂಪು ಬಂದ ತಕ್ಷಣ ಲೇಸರ್ ಮಿನುಗಿದರೆ, ಯಾವ ಆಜ್ಞೆ ಯಾವ ಯಂತ್ರಕ್ಕೆ ಹೋಯಿತೆಂದು ಒಳಗೆ ನೋಡದೆಯೇ ಊಹಿಸಬಹುದು. ಸದಾ ಹುಸಿ ಫ್ರೇಮ್ ಕಳಿಸಲು ಬ್ಯಾಟರಿ ಸಾಲದು. ನಿಗದಿತ ಅಂತರದಲ್ಲಿ, ಉದಾಹರಣೆಗೆ 10 ಸೆಕೆಂಡಿಗೊಮ್ಮೆ, ಸ್ಥಿರ ಸಂಖ್ಯೆಯ ಫ್ರೇಮುಗಳ ಕಂತು ಕಳಿಸಿ. ಹೇಳುವುದಿಲ್ಲದಿದ್ದರೆ ಖಾಲಿ ಜಾಗ ತುಂಬಿಸಿ.

ಬೆಳಕು ಕಡಿದಾಗ

ಬೆಳಕು ನಿಂತರೆ ಧ್ವನಿ ಮೋಡೆಮಿಗೆ ಹೊರಳುವಂತೆ ಹೆಚ್ಚಿನ ಯಂತ್ರಗಳನ್ನು ಮಾಡಿರುತ್ತಾರೆ. ಎದುರಾಳಿಗೆ ಇದೇ ಬಾಗಿಲು. ಕಿರಣಕ್ಕೆ ಅಡ್ಡ ಹಿಡಿದರೆ, ಅಥವಾ ರಿಸೀವರಿಗೆ ಬೆಳಕು ಹೊಡೆದು ಕುರುಡು ಮಾಡಿದರೆ ಸಾಕು, ಮಾತೆಲ್ಲ ಕಿಲೋಮೀಟರುಗಟ್ಟಲೆ ಕೇಳುವ ಧ್ವನಿಗೆ ಬರುತ್ತದೆ. ನೇಟೊ 2017ರಲ್ಲಿ ಒಪ್ಪಿದ ಜಾನಸ್ ಎಂಬ ಧ್ವನಿ ಮಾನದಂಡದಲ್ಲಿ ಯಾರು ಬೇಕಾದರೂ ಸಂದೇಶ ಓದುವಂತಿದೆ. ಅದಿರುವುದೇ ಪರಸ್ಪರ ಗುರುತಿಗಾಗಿ. ಮೂರು ನಿಯಮ ಹಾಕಿಕೊಳ್ಳಿ. ಧ್ವನಿಯಲ್ಲೂ ಒಳಗಿನ ಗಂಟು ಅದೇ ಎನ್‌ಕ್ರಿಪ್ಷನ್‌ನದೇ ಆಗಿರಲಿ. ಧ್ವನಿಯಲ್ಲಿ ಹೋಗಬಹುದಾದ ಸಂದೇಶಗಳ ಪಟ್ಟಿ ಚಿಕ್ಕದಿರಲಿ, ‘ಮೇಲೆ ಬಾ’, ‘ನಿಲ್ಲು’, ‘ನೀರು ಸೋರಿದೆ’ ಇಷ್ಟು ಸಾಕು. ಧ್ವನಿಗೆ ಬೇರೆ ಸೆಷನ್, ಬೇರೆ ಕೌಂಟರ್ ಇರಲಿ. ಒಂದೇ ಕೌಂಟರ್ ಇದ್ದರೆ ಬೆಳಕಿನ ಫ್ರೇಮುಗಳು ಸಾವಿರಗಟ್ಟಲೆ ಮುಂದೆ ಓಡಿರುತ್ತವೆ, ಧ್ವನಿಯಲ್ಲಿ ತಡವಾಗಿ ಬಂದ ಸರಿಯಾದ ಫ್ರೇಮನ್ನು ಮರುಕಳಿಕೆ ತಡೆಯುವ ಕಿಟಕಿ (ಇತ್ತೀಚಿನ ಕೌಂಟರುಗಳನ್ನಷ್ಟೇ ಒಪ್ಪುವ ವ್ಯಾಪ್ತಿ) ಹಳೆಯದೆಂದು ಎಸೆಯುತ್ತದೆ.

ಬೆಳಕು ಥಟ್ಟನೆ ಕುಗ್ಗಿದ್ದನ್ನು ಲಾಗ್‌ನಲ್ಲಿ ಬರೆದಿಡಿ, ಆದರೆ ಅದರ ಮೇಲೆ ಅಲಾರಂ ಕಟ್ಟಬೇಡಿ. ಮೀನು, ಗುಳ್ಳೆ, ಹೂಳು ಎಲ್ಲವೂ ಹಾಗೇ ಮಾಡುತ್ತವೆ.

ನೀವೇ ಕದ್ದಾಲಿಸಿ ನೋಡಿ

1. ನಿಮ್ಮ ರಿಸೀವರಿಗಿಂತ ದೊಡ್ಡ ಲೆನ್ಸ್, ಸಿಲಿಕಾನ್ ಫೋಟೊಮಲ್ಟಿಪ್ಲೈಯರ್, ಅದೇ ಬಣ್ಣದ ಫಿಲ್ಟರ್ ಇರುವ ಸೆನ್ಸರನ್ನು ಗುರುತು ಹಾಕಿದ ಗಳುವಿಗೆ ಕಟ್ಟಿ.
2. ನಿಜವಾದ ಮಾಹಿತಿ ಬಿಟ್ಟು ಗೊತ್ತಿರುವ ಹುಸಿ-ಯಾದೃಚ್ಛಿಕ ಬಿಟ್‌ಗಳನ್ನು ಕಳಿಸಿ.
3. ಟ್ರಾನ್ಸ್‌ಮಿಟರಿನಿಂದ 1, 3, 10 ಮೀಟರ್ ದೂರದಲ್ಲಿ, ಕಿರಣದ ದಿಕ್ಕಿಗೆ 5, 20, 45, 90, 180 ಡಿಗ್ರಿಯಲ್ಲಿ ಬಿಟ್ ತಪ್ಪಿನ ಪ್ರಮಾಣ ಬರೆದುಕೊಳ್ಳಿ. 180 ಡಿಗ್ರಿ ಬಿಡಬೇಡಿ. ಹಿಂದಕ್ಕೆ ಚದುರುವ ಬೆಳಕು ಅಲ್ಲಿಯೇ ಕಾಣುವುದು.
4. ತಪ್ಪಿನ ಪ್ರಮಾಣ ನಿಮ್ಮ ಕೋಡ್ ತಿದ್ದಬಲ್ಲ ಮಿತಿಯೊಳಗೆ ಬರುವ ಪ್ರತಿ ಜಾಗವೂ ‘ಓದಬಹುದಾದ ಜಾಗ’. ನಿಮ್ಮ ಕೋಡ್ ಅವನಿಗೂ ಗೊತ್ತಿರುತ್ತದೆ.
5. ನೀರಿನ ಮೇಲಿಂದಲೂ, ರಾತ್ರಿ, ದೋಣಿಯಲ್ಲಿ ನಿಂತು ಅದೇ ಸೆನ್ಸರನ್ನು ಕೆಳಗೆ ತಿರುಗಿಸಿ ಅಳೆಯಿರಿ.
6. ಕೊನೆಗೆ ರಿಲೇಯನ್ನು ಬಿಚ್ಚಿ ಮೇಜಿನ ಮೇಲಿಟ್ಟು, ಯುಎಆರ್‌ಟಿ ಮತ್ತು ಜೆಟ್ಯಾಗ್ ಎಂಬ, ಚಿಪ್ ಪರೀಕ್ಷಿಸಲು ಬಳಸುವ ಪಿನ್‌ಗಳಿಂದ ಮೆಮೊರಿ ಓದಲು ಪ್ರಯತ್ನಿಸಿ. ಹಂತದ ಕೀಲಿ ಬಿಟ್ಟು ಬೇರೆ ರಹಸ್ಯ ಸಿಕ್ಕಿದರೆ ವಿನ್ಯಾಸಕ್ಕೆ ಮರಳಿ.

ಓದಬಹುದಾದ ಜಾಗ ನಿಮ್ಮ ಕಾವಲಿನ ವ್ಯಾಪ್ತಿಗಿಂತ ದೊಡ್ಡದಿದ್ದರೆ ಮೊದಲು ಪವರ್ ಇಳಿಸಿ, ಆಮೇಲೆ ಕಿರಣ ಬಿಗಿ ಮಾಡಿ, ಅದೂ ಸಾಲದಿದ್ದರೆ ಯಂತ್ರವನ್ನು ಹತ್ತಿರ ತನ್ನಿ.

ರಿಲೇಯ ಮುಚ್ಚಳಕ್ಕೆ ಸ್ವಿಚ್, ಒಳಗೆ ತೇವದ ಸೆನ್ಸರ್ ಇಟ್ಟು, ತೆರೆದೊಡನೆ ಹಂತದ ಕೀಲಿ ಅಳಿಯುವಂತೆ ಮಾಡಿ. ಆದರೆ ಸೀಲ್ ಸ್ವಲ್ಪ ಜಿನುಗಿದರೂ ಕೀಲಿ ಅಳಿದು ಸಂಪರ್ಕ ಕಡಿಯದಂತೆ ತೇವದ ಮಿತಿಯನ್ನು ಒಂಟಿಯಾಗಿ ನಂಬದೆ, ಸ್ವಿಚ್ ಜೊತೆ ಸೇರಿಸಿ ನಿರ್ಧರಿಸಿ. ರಿಲೇ ಕಾಣೆಯಾದರೆ ಅದರ ಎರಡೂ ಹಂತದ ಕೀಲಿಗಳನ್ನು ದಡದಲ್ಲಿ ರದ್ದುಮಾಡಿ, ಬದಲಿ ರಿಲೇಗೆ ಹೊಸವನ್ನು ತುಂಬಿ. ಬೆಳಕಿನ ಹಂತದ ಹೊಸ ಕೀಲಿಯನ್ನು ನೀರಡಿಯ ಯಂತ್ರಕ್ಕೆ ಒಳಗಿನ ಗಂಟಿನ ಮೂಲಕ ಕಳಿಸಬಹುದು, ಧ್ವನಿಯಲ್ಲಾದರೂ ಸರಿ; ಧ್ವನಿಯ ಚಿಕ್ಕ ಪಟ್ಟಿಗೆ ಇದೊಂದು ವಿನಾಯಿತಿ. ನೀರಡಿಯ ಯಂತ್ರವೇ ಕಾಣೆಯಾದರೆ ಅದರ ಗುರುತಿನ ಕೀಲಿಯನ್ನು ದಡದ ಪಟ್ಟಿಯಿಂದ ಅದೇ ಗಂಟೆಯಲ್ಲಿ ತೆಗೆಯಿರಿ. ಅದು ಆಮೇಲೆ ಸಿಕ್ಕರೂ ಹಳೆಯ ಕೀಲಿಯೊಂದಿಗೆ ಮತ್ತೆ ನೀರಿಗಿಳಿಸಬೇಡಿ.